ತುಂಬಲು ಇನ್ನು ಹನ್ನೆರಡು ಅಡಿ ಬಾಕಿ

ಮಳೆಗಾಲ ಬಂತೆಂದರೆ ಹಾಸನದ ಟೀ ಅಂಗಡಿಗಳಲ್ಲಿ ಒಂದು ಲೆಕ್ಕ ದಿನಾ ನಡೆಯುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಪೇಪರಿನಲ್ಲಿ ಇವತ್ತಿನ ಮಟ್ಟ 2910 ಅಂತ ಬಂದಿರುತ್ತದೆ. ಓದಿದವರು ಪಕ್ಕದವರಿಗೆ ಹೇಳುವಾಗ ಮಾತ್ರ "ತುಂಬಲು ಇನ್ನು ಹನ್ನೆರಡು ಅಡಿ ಬಾಕಿ" ಅನ್ನುತ್ತಾರೆ. ನೀರು ಎಷ್ಟಿದೆ ಅನ್ನುವುದಕ್ಕಿಂತ ಜಾಗ ಎಷ್ಟು ಉಳಿದಿದೆ ಅನ್ನುವುದೇ ಮುಖ್ಯ. ಮೂಡಿಗೆರೆ ಕಡೆ ನಾಲ್ಕು ದಿನ ಬಿಡದೆ ಮಳೆ ಹಿಡಿದರೆ ಆ ಜಾಗ ಎಷ್ಟು ಬೇಗ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು.

ಕಂಪ್ಯೂಟರಿನಲ್ಲಿ ಹಾಡು ಮಿಕ್ಸ್ ಮಾಡುವಾಗ ಕಾಣುವ ಮೀಟರ್ ಕೂಡ ಹೀಗೆಯೇ ಲೆಕ್ಕ ಹೇಳುತ್ತದೆ. ತುದಿಯಲ್ಲಿ ಸೊನ್ನೆ. ಕೆಳಗೆಲ್ಲ ಮೈನಸ್. ಮೈನಸ್ 12 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಅಂದರೆ ತುಂಬಲು ಇನ್ನು 12 ಬಾಕಿ. ಆ ಬಾಕಿ ಜಾಗಕ್ಕೆ ಹೆಡ್‌ರೂಮ್ ಅನ್ನುತ್ತಾರೆ. ಜಾಗ ಮುಗಿದ ಮೇಲೂ ಸದ್ದು ಏರಿದರೆ ಅದರ ತಲೆ ಕತ್ತರಿಸಿ ಹೋಗುತ್ತದೆ. ಅದು ಕ್ಲಿಪ್ಪಿಂಗ್. ನಮ್ಮ ಮೈಕ್‌ಸೆಟ್ಟಿನವರು "ಸೌಂಡ್ ಒಡೀತಿದೆ" ಅನ್ನುತ್ತಾರಲ್ಲ, ಅದೇ.

ನಾನು ಇದನ್ನು ಸರಿಯಾಗಿ ಕಲಿತದ್ದು ಒಂದು ಒಳ್ಳೆಯ ರೆಕಾರ್ಡಿಂಗ್ ಹಾಳಾದ ಮೇಲೆ. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನೆಯ ಹಿಂದಿನ ರೂಮಿನಲ್ಲಿ ಗೋಡೆಗೆ ಹಳೇ ಹತ್ತಿ ಹಾಸಿಗೆಗಳನ್ನು ಒರಗಿಸಿ, ಒಂದು ಕಂಪ್ಯೂಟರ್, ಎಂಟು ಮೈಕ್ ಹಾಕಿ ಅವುಗಳ ಸದ್ದನ್ನು ಕಂಪ್ಯೂಟರಿಗೆ ಕಳಿಸಬಹುದಾದ ಒಂದು ಇಂಟರ್‌ಫೇಸ್ ಇಟ್ಟುಕೊಂಡಿದ್ದೇನೆ. ಭಜನೆಯವರು, ಸೋಬಾನೆ ಹೇಳುವವರು, ನಾಟಕದವರು ಬರುತ್ತಾರೆ. ಕೆಲವು ಸಲ ನಾನೇ ಸಾಮಾನು ಹೊತ್ತುಕೊಂಡು ಊರುಗಳಿಗೆ ಹೋಗುತ್ತೇನೆ. ಹಾಗೆ ಒಂದು ಕಾರ್ತಿಕದಲ್ಲಿ ಅರಸೀಕೆರೆ ಕಡೆಯ ಒಂದು ಊರಿಗೆ ವೀರಗಾಸೆ ರೆಕಾರ್ಡ್ ಮಾಡಲು ಹೋಗಿದ್ದೆ.

ವೀರಗಾಸೆ ನೋಡಿದವರಿಗೆ ಒಡಪು ಅಂದರೇನು ಅಂತ ಹೇಳಬೇಕಿಲ್ಲ. ಕುಣಿತ ನಿಲ್ಲುತ್ತದೆ, ವಾದ್ಯ ನಿಲ್ಲುತ್ತದೆ, ಒಬ್ಬರು ಮುಂದೆ ಬಂದು ವೀರಭದ್ರನ ಕಥೆಯನ್ನು ಕೂಗಿ ಹೇಳುತ್ತಾರೆ. ದಕ್ಷನ ಯಜ್ಞ, ಸತಿಯ ಅವಮಾನ, ಶಿವನ ಸಿಟ್ಟು. ಆ ಊರಿನ ತಂಡದಲ್ಲಿ ಒಡಪು ಹೇಳುವ ಯಜಮಾನರಿಗೆ ಎಪ್ಪತ್ತು ದಾಟಿದೆ. ಮಾತಾಡುವಾಗ ಮೆತ್ತಗಿನ ಮನುಷ್ಯ. ದೇವಸ್ಥಾನದ ಜಗಲಿಯಲ್ಲಿ ಮೈಕ್ ನಿಲ್ಲಿಸಿ, "ಒಂದ್ಸಲ ಒಡಪು ಹೇಳಿ ಯಜಮಾನ್ರೇ, ಸೌಂಡ್ ನೋಡ್ಕೋತೀನಿ" ಅಂದೆ. ಅವರು ಪಂಚೆ ಉಟ್ಟು, ಹೆಗಲ ಮೇಲೆ ಟವಲ್ ಹಾಕಿಕೊಂಡು ಕೂತಲ್ಲೇ ಹೇಳಿದರು. ಮೀಟರ್ ಮೈನಸ್ 12ರ ಹತ್ತಿರ ಆಡಿತು. ಇನ್ನೂ ಜಾಗ ಇದೆಯಲ್ಲ, ಸುಮ್ನೆ ಯಾಕೆ ಬಿಡಬೇಕು ಅಂತ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ, ಏರಿಸಿದೆ. ಮೈನಸ್ 4ಕ್ಕೆ ತಂದು ನಿಲ್ಲಿಸಿದೆ.

ಆಮೇಲೆ ಅವರು ವೇಷ ಕಟ್ಟಿದರು. ಎದೆಗೆ ವೀರಭದ್ರನ ಹಲಗೆ ಬಂತು, ಕೈಗೆ ಕತ್ತಿ ಬಂತು. ಸಂಬಾಳ ಶುರುವಾಯಿತು. ಕಾಲು ಗಂಟೆ ಕುಣಿದ ಮೇಲೆ ವಾದ್ಯ ನಿಂತು "ಆಹಾ ರುದ್ರಾ! ಆಹಾ ದೇವಾ!" ಅಂತ ಮೊದಲ ಕೂಗು ಬಂದಾಗ ನನ್ನ ಇಂಟರ್‌ಫೇಸಿನ ಕೆಂಪು ದೀಪ ಹತ್ತಿತು. ಒಡಪು ಮುಗಿಯುವವರೆಗೆ ಹತ್ತುತ್ತಲೇ ಇತ್ತು. ಆವೇಶದಲ್ಲಿದ್ದ ಹಿರಿಯರನ್ನು ನಡುವೆ ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ ಒಂದು ಧೈರ್ಯವೂ ಇತ್ತು. ನಾನು ಬಳಸುತ್ತಿದ್ದದ್ದು ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರು. ಅದರಲ್ಲಿ ಫೈಲ್ 32 ಬಿಟ್ ಫ್ಲೋಟ್ ಅನ್ನುವ ಅಂಕಿಯ ಪದ್ಧತಿಯಲ್ಲಿ ಸೇವ್ ಆಗುತ್ತದೆ. 32 ಬಿಟ್ ಫ್ಲೋಟ್ ಅಂದರೆ ಎಷ್ಟೇ ಜೋರಾದರೂ ಕ್ಲಿಪ್ ಆಗುವುದಿಲ್ಲ, ಆಮೇಲೆ ಇಳಿಸಿಕೊಂಡರೆ ಆಯಿತು ಅಂತ ಗೆಳೆಯರಿಂದ ಕೇಳಿದ್ದೆ. ನಂಬಿದ್ದೆ.

ರಾತ್ರಿ ಊಟ ಮುಗಿಸಿ ಫೈಲ್ ತೆರೆದೆ. ವಾಲ್ಯೂಮ್ 6 ಡಿಬಿ ಇಳಿಸಿ ಕೇಳಿದೆ. ಕೂಗು ಮೆಲ್ಲಗಾಯಿತು, ಆದರೆ ಒಡಕು ಹಾಗೇ ಇತ್ತು. ಇನ್ನೂ ಇಳಿಸಿದೆ. ಮೆಲ್ಲಗಿನ ಒಡಕು.

ಆಗ "ರುದ್ರಾ" ಅನ್ನುವಲ್ಲಿ ಕೊನೆಯ ಆಕಾರ ಎಳೆಯುವ ಜಾಗಕ್ಕೆ ಹೋಗಿ ಝೂಮ್ ಮಾಡುತ್ತಾ ಹೋದೆ. ಮೊದಲು ಅದು ಒಂದು ದಪ್ಪ ಪಟ್ಟಿ. ಆಮೇಲೆ ಗುಡ್ಡದ ಸಾಲು. ಇನ್ನೂ ಹತ್ತಿರ ಹೋದರೆ ಚುಕ್ಕಿಗಳು. ಸೆಕೆಂಡಿಗೆ 48,000 ಚುಕ್ಕಿ, ಒಂದೊಂದು ಚುಕ್ಕಿಯೂ ಆ ಕ್ಷಣದ ಸದ್ದಿನ ಎತ್ತರ. ಚುಕ್ಕಿಗಳು ಚೆನ್ನಾಗಿಯೇ ಮೇಲಕ್ಕೆ ಹತ್ತುತ್ತಿದ್ದವು. ಒಂದು ಎತ್ತರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿದ್ದವು. ಎಣಿಸಿದೆ. 11 ಚುಕ್ಕಿ ಒಂದೇ ಗೆರೆಯಲ್ಲಿ, ಒಂದು ಕೂದಲೆಳೆಯಷ್ಟೂ ಮೇಲೆ ಕೆಳಗೆ ಇಲ್ಲ. ಹನ್ನೆರಡನೆಯದು ಕೆಳಕ್ಕೆ ಇಳಿದಿತ್ತು. ಗುಡ್ಡದ ತಲೆ ಕೊಯ್ದು ಸೈಟ್ ಮಾಡುತ್ತಾರಲ್ಲ, ಅಂಥ ಆಕಾರ. 11 ಚುಕ್ಕಿ ಅಂದರೆ ಕಾಲು ಮಿಲಿಸೆಕೆಂಡಿಗೂ ಕಡಿಮೆ. ಆದರೆ ಅದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಆ ಒಂದು ಕೂಗಿನಲ್ಲೇ ನೂರಾರು ತಲೆ ಇಲ್ಲದ ಗುಡ್ಡಗಳು.

ತಪ್ಪು ಎಲ್ಲಾಯಿತು ಅಂತ ಅರ್ಥವಾಗಲು ಎರಡು ದಿನ ಹಿಡಿಯಿತು. ಫೈಲ್ 32 ಬಿಟ್ ಫ್ಲೋಟ್ ಹೌದು. ಆದರೆ ಮೈಕಿನಿಂದ ಬಂದ ಕರೆಂಟನ್ನು ಅಂಕಿಯಾಗಿ ಬದಲಿಸುವುದು ಇಂಟರ್‌ಫೇಸಿನೊಳಗಿನ ಕನ್ವರ್ಟರ್. ನನ್ನದು 24 ಬಿಟ್ಟಿನದು. ಅದಕ್ಕೆ ಒಂದು ಅತಿ ದೊಡ್ಡ ಅಂಕಿ ಇದೆ. ಅದಕ್ಕಿಂತ ದೊಡ್ಡದು ಬಂದರೆ ಅದೇ ಅಂಕಿಯನ್ನು ಮತ್ತೆ ಮತ್ತೆ ಬರೆಯುತ್ತದೆ, ಬೇರೆ ದಾರಿ ಇಲ್ಲ. ಕಂಪ್ಯೂಟರ್ ಒಳಗೆ ಬರುವ ಮೊದಲೇ ತಲೆ ಹೋಗಿತ್ತು. ಹೋದ ಮೇಲೆ ಎಷ್ಟು ದೊಡ್ಡ ಪಾತ್ರೆಯಲ್ಲಿ ಹಾಕಿಟ್ಟರೂ ಅಷ್ಟೇ.

ಅಣೆಕಟ್ಟೆಯ ಹೋಲಿಕೆ ಇಲ್ಲಿ ನಿಂತುಹೋಗುತ್ತದೆ ಅಂತ ಹೇಳಲೇಬೇಕು. ಗೊರೂರಿನಲ್ಲಿ ನೀರು ಜಾಸ್ತಿಯಾದರೆ ಕ್ರಸ್ಟ್ ಗೇಟ್ ಎತ್ತುತ್ತಾರೆ. ಹೆಚ್ಚಿನ ನೀರು ನದಿಗೆ ಇಳಿದು ಮುಂದೆ ಹೋಗುತ್ತದೆ, ಎಲ್ಲೋ ಒಂದು ಕಡೆ ಇರುತ್ತದೆ. ಡಿಜಿಟಲ್ಲಿನಲ್ಲಿ ಸೊನ್ನೆ ದಾಟಿದ್ದು ಎಲ್ಲಿಗೂ ಹರಿಯುವುದಿಲ್ಲ. ಇಲ್ಲವಾಗುತ್ತದೆ. ಅಷ್ಟೇ ಆಗಿದ್ದರೂ ಪರವಾಗಿರಲಿಲ್ಲ. ತಲೆ ಚಪ್ಪಟೆಯಾದ ಅಲೆ ಮೂಲದಲ್ಲಿ ಇಲ್ಲದ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಮೂಲ ಸ್ವರದ ಮೂರರಷ್ಟು, ಐದರಷ್ಟು, ಏಳರಷ್ಟು ಮೇಲಿನವು. 48,000ದ ಲೆಕ್ಕದಲ್ಲಿ 24,000 ಹರ್ಟ್ಸಿಗಿಂತ ಮೇಲಿನದಕ್ಕೆ ಜಾಗವಿಲ್ಲ. ಕಂಪ್ಯೂಟರಿನ ಒಳಗೇ ತಲೆ ಕತ್ತರಿಸಿದಾಗ ಆ ಮಿತಿ ದಾಟಿ ಹುಟ್ಟಿದ್ದು ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ಯಾವ ಶ್ರುತಿಗೂ ಸೇರದ ಸದ್ದು ಅದು. ಕಿವಿಗೆ ಕರಕರ ಅನ್ನಿಸುವುದರಲ್ಲಿ ಅದರ ಪಾಲೂ ಇರುತ್ತದೆ.

ರಿಪೇರಿಗೆ ದಾರಿ ಇದೆ. ಆಡಾಸಿಟಿಯಲ್ಲೇ ಕ್ಲಿಪ್ ಫಿಕ್ಸ್ ಅನ್ನುವ ಎಫೆಕ್ಟ್ ಇದೆ. ಕತ್ತರಿಸಿದ ಜಾಗದ ಎರಡೂ ಬದಿಯ ಏರು ಇಳಿತ ನೋಡಿ, ನಡುವೆ ಗುಡ್ಡದ ತುದಿ ಹೀಗಿದ್ದಿರಬಹುದು ಅಂತ ಗೆರೆ ಎಳೆಯುತ್ತದೆ. ಮೂರು ನಾಲ್ಕು ಚುಕ್ಕಿ ಹೋಗಿದ್ದರೆ ಒಳ್ಳೆಯ ಕೆಲಸ ಮಾಡುತ್ತದೆ. ನನ್ನ ಫೈಲಿನಲ್ಲಿ ಕರಕರ ಅರ್ಧಕ್ಕೆ ಇಳಿಯಿತು. ಆದರೆ ಅದು ಊಹೆ. ಯಜಮಾನರ ಗಂಟಲಲ್ಲಿ ಆ ಕ್ಷಣಕ್ಕೆ ಏನಿತ್ತೋ ಅದಲ್ಲ.

ಹಾಗಾದರೆ ಗೇನ್ ಎಷ್ಟಿಡಬೇಕು? ಈಗ ನಾನು ಮಾಮೂಲಿ ದನಿಯನ್ನು ಮೈನಸ್ 18ರ ಸುತ್ತ ಬಿಡುತ್ತೇನೆ. ಜೋರಿನ ಜಾಗ ಮೈನಸ್ 8 ದಾಟದಂತೆ ನೋಡಿಕೊಳ್ಳುತ್ತೇನೆ. ಬಯಲಿನ ಕಲೆಗಳಿಗೆ ಇನ್ನೂ ಕೆಳಗೆ. ಮೈನಸ್ 18 ನನ್ನ ಕಲ್ಪನೆಯಲ್ಲ. ಯುರೋಪಿನ ಪ್ರಸಾರ ಸಂಸ್ಥೆಗಳು ಅದನ್ನು ಅಳತೆಯ ಗುರುತು ಮಾಡಿಕೊಂಡಿವೆ, ಅಮೆರಿಕದವರು ಮೈನಸ್ 20. ಇಷ್ಟು ಕೆಳಗಿಟ್ಟರೆ ಕ್ವಾಲಿಟಿ ಹೋಗುವುದಿಲ್ಲವಾ ಅಂತ ಭಜನೆ ಹುಡುಗರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಂದು ಬಿಟ್ ಅಂದರೆ ಸುಮಾರು 6 ಡಿಬಿ. 6 ಡಿಬಿ ಇಳಿದರೆ ಅಲೆಯ ಎತ್ತರ ಅರ್ಧ, 12 ಇಳಿದರೆ ಕಾಲು. 16 ಬಿಟ್ಟಿನಲ್ಲಿ 65,536 ಮೆಟ್ಟಿಲು, 96 ಡಿಬಿ ಆಳ. 24 ಬಿಟ್ಟಿನಲ್ಲಿ 1,67,77,216 ಮೆಟ್ಟಿಲು, ಲೆಕ್ಕದಲ್ಲಿ 144 ಡಿಬಿ ಆಳ. ಅದರಲ್ಲಿ ಮೇಲಿನ 18 ಬಿಟ್ಟರೂ 126 ಉಳಿಯುತ್ತದೆ. ನನ್ನ ರೂಮಿನ ಫ್ಯಾನಿನ ಸದ್ದು, ರಸ್ತೆಯ ಆಟೋ, ಎದುರು ಮನೆಯ ಮಿಕ್ಸಿ ಇವೆಲ್ಲ ಕನ್ವರ್ಟರಿನ ಸ್ವಂತ ಗುಜುಗುಜುಗಿಂತ ಎಷ್ಟೋ ಜೋರು. ಮೆಲ್ಲಗೆ ರೆಕಾರ್ಡ್ ಆದದ್ದನ್ನು ಆಮೇಲೆ ಏರಿಸಬಹುದು, ನಷ್ಟ ಕಿವಿಗೆ ಸಿಗುವುದಿಲ್ಲ. ಒಡೆದದ್ದನ್ನು ಇಳಿಸಿ ಏನೂ ಸಿಗುವುದಿಲ್ಲ.

"ಕೆಂಪಿಗೆ ಮುಟ್ಟುವ ಹಾಗೆ ರೆಕಾರ್ಡ್ ಮಾಡು" ಅನ್ನುವ ಮಾತು ಎಲ್ಲಿಂದ ಬಂತು ಅಂತಲೂ ಯೋಚಿಸಿದೆ. ಅದು ಟೇಪಿನ ಕಾಲದ ಬುದ್ಧಿ, ಆ ಕಾಲಕ್ಕೆ ಸರಿಯಾದ ಬುದ್ಧಿ. ಟೇಪಿನಲ್ಲಿ ಯಾವಾಗಲೂ ಸ್ ಅನ್ನುವ ಸದ್ದು ಕೆಳಗೆ ಹರಿಯುತ್ತಿರುತ್ತದೆ. ಮೆಲ್ಲಗೆ ರೆಕಾರ್ಡ್ ಮಾಡಿದರೆ ಹಾಡು ಅದರಲ್ಲಿ ಮುಳುಗುತ್ತದೆ. ಜೊತೆಗೆ ಮುಳ್ಳು ಆಡುವ ಆ ಹಳೇ ವಿಯು ಮೀಟರಿನಲ್ಲಿ ಸೊನ್ನೆ ಅಂದರೆ ತುದಿಯಲ್ಲ. 1939ರಲ್ಲಿ ಅಮೆರಿಕದ ರೇಡಿಯೋದವರು, ಟೆಲಿಫೋನಿನವರು ಸೇರಿ ಅದನ್ನು ಗೊತ್ತುಮಾಡಿದಾಗ ಸೊನ್ನೆ ಅಂದರೆ ಇಲ್ಲಿ ಆಡುತ್ತಿದ್ದರೆ ಸರಿ ಅಂತ ಅರ್ಥ. ಅದರ ಮೇಲೂ ಜಾಗ ಇರುತ್ತಿತ್ತು. ಟೇಪು ಆ ಜಾಗದಲ್ಲಿ ಸದ್ದನ್ನು ಮೆಲ್ಲಗೆ ಅದುಮಿಕೊಳ್ಳುತ್ತಿತ್ತು, ಕಿವಿಗೆ ಹಿತವಾಗಿಯೂ ಇರುತ್ತಿತ್ತು. ಡಿಜಿಟಲ್ ಬಂದಾಗ ಸೊನ್ನೆಯನ್ನು ತುದಿಗೆ ಇಟ್ಟರು. ಅಂಕಿ ಅದೇ, ಅರ್ಥ ಬೇರೆ. ಹಳೇ ಉಪದೇಶ ಮಾತ್ರ ಹಾಗೇ ಉಳಿದುಬಿಟ್ಟಿತು.

ಇನ್ನು ಮಿಕ್ಸ್ ಮಾಡುವ ಸಾಫ್ಟ್‌ವೇರಿನ ಒಳಗಿನ ಕಥೆ. ಇಲ್ಲಿ ಗೊಂದಲ ಇನ್ನೂ ಜಾಸ್ತಿ.

ಒಂದು ಭಜನೆ ತಂಡದ ಹಾಡಿನಲ್ಲಿ 16 ಟ್ರ್ಯಾಕ್ ಇದ್ದವು. ಹಾರ್ಮೋನಿಯಂ, ತಬಲ, ಡೋಲಕ್, ತಾಳ, ಮುಂದಿನ ದನಿ, ಹಿಂದೆ ಹೇಳುವ ಹನ್ನೊಂದು ಜನ. ಒಂದೊಂದನ್ನೂ ಬೇರೆ ಕೇಳಿದರೆ ಚೆಂದ, ಮೀಟರ್ ಮೈನಸ್ 6. ಎಲ್ಲ ಒಟ್ಟಿಗೆ ಬಿಟ್ಟರೆ ಅವೆಲ್ಲ ಸೇರುವ ಮಾಸ್ಟರ್ ಕೆಂಪು. ಯಗಚಿ ಬಂದು ಹೇಮಾವತಿಗೆ ಸೇರಿದ ಹಾಗೆ, ಕೂಡುವ ಜಾಗದಲ್ಲಿ ಎಲ್ಲರ ನೀರೂ ಸೇರುತ್ತದೆ. ಅಚ್ಚು ಅದೇ ಸದ್ದು ಎರಡು ಸಲ ಸೇರಿದರೆ 6 ಡಿಬಿ ಏರುತ್ತದೆ. ಬೇರೆ ಬೇರೆ ಸದ್ದುಗಳು ಸೇರಿದರೆ ಸರಾಸರಿ 3. ಎರಡು ನಾಲ್ಕಾದಾಗ ಇನ್ನೊಂದು 3, ನಾಲ್ಕು ಎಂಟಾದಾಗ ಮತ್ತೊಂದು 3. ಹೀಗೆ 16 ಟ್ರ್ಯಾಕಿಗೆ ಸುಮಾರು 12 ಡಿಬಿ. ಎಲ್ಲರೂ ಒಂದೇ ಏಟಿಗೆ ತಾಳ ಹಾಕಿದ ಕ್ಷಣದಲ್ಲಿ ಅದಕ್ಕಿಂತಲೂ ಜಾಸ್ತಿ.

ಇಲ್ಲಿ ಆ ಕೆಂಪಿಗೆ ಹೆದರಬೇಕಾ? ಈಗಿನ ಸಾಫ್ಟ್‌ವೇರುಗಳು ಒಳಗಡೆ ಕೂಡುವುದು ಕಳೆಯುವುದು ಮಾಡುವುದು ಫ್ಲೋಟಿನಲ್ಲಿ. 1985ರಲ್ಲಿ ಗೊತ್ತಾದ ಐಇಇಇ 754 ಅನ್ನುವ ಲೆಕ್ಕದ ಪದ್ಧತಿ ಅದು. 32 ಬಿಟ್ ಫ್ಲೋಟಿನಲ್ಲಿ ಸೊನ್ನೆ ಡಿಬಿಯ ಮೇಲೆ ಇನ್ನೂ ಸುಮಾರು 770 ಡಿಬಿ ಜಾಗ ಇರುತ್ತದೆ. ನಾನೇ ಒಂದು ಪರೀಕ್ಷೆ ಮಾಡಿದೆ. ಒಂದು ಹಾಡನ್ನು 20 ಡಿಬಿ ಏರಿಸಿ, ಮೀಟರೆಲ್ಲ ಕೆಂಪಾದ ಮೇಲೆ ಮಾಸ್ಟರ್ ಫೇಡರಿನಲ್ಲಿ (ಸದ್ದು ಏರಿಸಿ ಇಳಿಸುವ ಜಾರುಗುಂಡಿ) 20 ಇಳಿಸಿ, ಫ್ಲೋಟ್ ಫೈಲಾಗಿ ತೆಗೆದೆ. ಒಂದೇ ಆಗಿದ್ದರೆ ಒಂದನ್ನೊಂದು ಅಳಿಸಲಿ ಅಂತ ಅದರ ಅಲೆಯನ್ನು ತಲೆಕೆಳಗು ಮಾಡಿ ಮೂಲ ಹಾಡಿನ ಜೊತೆ ಕೂಡಿಸಿದೆ. ಎರಡರಲ್ಲಿ ಏನಾದರೂ ವ್ಯತ್ಯಾಸ ಇದ್ದಿದ್ದರೆ ಅದು ಕೇಳಬೇಕಿತ್ತು. ಏನೂ ಕೇಳಲಿಲ್ಲ. ಪೂರ್ತಿ ಮೌನ. ಅಂದರೆ ಸಾಫ್ಟ್‌ವೇರಿನ ಒಳಗಿನ ಕೆಂಪು ಒಂದು ಎಚ್ಚರಿಕೆ ಮಾತ್ರ. ಇಂಟರ್‌ಫೇಸಿನ ಕೆಂಪು ಆಗಿಹೋದ ನಷ್ಟ. ನನ್ನ ಗೆಳೆಯರು ಹೇಳಿದ 32 ಬಿಟ್ ಫ್ಲೋಟಿನ ಮಾತು ಸುಳ್ಳಲ್ಲ. ಈ ಜಾಗಕ್ಕೆ ಸೇರಿದ ಮಾತನ್ನು ನಾನು ಆ ಜಾಗಕ್ಕೆ ಅಂದುಕೊಂಡಿದ್ದೆ.

ಹಾಗಂತ ಒಳಗಡೆ ಹೇಗೆ ಬೇಕಾದರೂ ಇರಲಿ ಅಂತ ನಾನು ಹೇಳುವುದಿಲ್ಲ. ಹಳೇ ಉಪಕರಣಗಳ ಸ್ವಭಾವವನ್ನು ಅನುಕರಿಸುವ, ಮಿಕ್ಸಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪ್ಲಗಿನ್‌ಗಳು ಬಹಳ ಇವೆ. ಅವುಗಳಲ್ಲಿ ಹೆಚ್ಚಿನವು ಮೈನಸ್ 18ರ ಸುತ್ತ ಆಡುವ ಸದ್ದಿಗೆ ಅಂತ ಮಾಡಿದವು. ಸೊನ್ನೆಗೆ ಒತ್ತಿದ ಸದ್ದು ಕೊಟ್ಟರೆ ಅವು ತಮ್ಮ ಕಡೆಯಿಂದ ಒಡಕು ಸೇರಿಸುತ್ತವೆ. ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮಾಸ್ಟರಿಗೆ ಹಾಕಿದ, ಜೋರಿನ ಸದ್ದನ್ನು ಅದುಮುವ ಕಂಪ್ರೆಸರ್, ಲಿಮಿಟರ್ ಸಾಮಾನ್ಯವಾಗಿ ಮಾಸ್ಟರ್ ಫೇಡರಿಗಿಂತ ಮೊದಲು ಬರುತ್ತವೆ. ಫೇಡರ್ ಇಳಿಸಿದರೆ ಹೊರಗೆ ಹೋಗುವುದು ಇಳಿಯುತ್ತದೆ, ಲಿಮಿಟರಿಗೆ ಬೀಳುವ ಏಟು ಇಳಿಯುವುದಿಲ್ಲ. ಅದಕ್ಕೇ ನಾನು ಮಾಸ್ಟರನ್ನು ಸೊನ್ನೆಯಲ್ಲೇ ಬಿಟ್ಟು, ಎಲ್ಲ ಟ್ರ್ಯಾಕುಗಳನ್ನು ಒಟ್ಟಿಗೆ ಹಿಡಿದು ಕೆಳಗೆ ತರುತ್ತೇನೆ. ಭಜನೆಯ ಆ 16 ಟ್ರ್ಯಾಕುಗಳನ್ನು 12 ಡಿಬಿ ಇಳಿಸಿದೆ. ಮಾಸ್ಟರಿನಲ್ಲಿ ಮೇಲೆ ಜಾಗ ಕಂಡಿತು. ತಬಲದ ಬಾಯಾ ಮೊದಲ ಸಲ ಗುಂ ಅಂತ ಪೂರ್ತಿ ಕೇಳಿಸಿತು. ಇಷ್ಟು ದಿನ ಲಿಮಿಟರ್ ಅದರ ತಲೆಯ ಮೇಲೆ ಕೂತಿತ್ತು.

ಕೊನೆಗೆ 16 ಅಥವಾ 24 ಬಿಟ್ಟಿನ ಫೈಲಾಗಿ ಹೊರಗೆ ತೆಗೆಯುವಾಗ ಮತ್ತೆ ಅದೇ ಗಟ್ಟಿ ತುದಿ ಬರುತ್ತದೆ. ಅಲ್ಲಿ ಸೊನ್ನೆ ದಾಟಿದ್ದು ನಿಜವಾಗಿಯೂ ಕತ್ತರಿಸಿ ಹೋಗುತ್ತದೆ. ನಾನು ಮೈನಸ್ 1ಕ್ಕೆ ನಿಲ್ಲಿಸುತ್ತೇನೆ. ಕಾರಣ ಇದೆ. ಮೀಟರ್ ನೋಡುವುದು ಚುಕ್ಕಿಗಳನ್ನು ಮಾತ್ರ. ಸ್ಪೀಕರಿಗೆ ಹೋಗುವ ಅಲೆ ಎರಡು ಚುಕ್ಕಿಗಳ ನಡುವೆ ಅವೆರಡಕ್ಕಿಂತ ಎತ್ತರಕ್ಕೆ ಹೋಗಿ ಬರಬಹುದು. ಚುಕ್ಕಿಗಳ ಲೆಕ್ಕದ ಕಾಲು ಭಾಗದಷ್ಟು ಕಂಪನದ ಸ್ವರದಲ್ಲಿ ಇದು 3 ಡಿಬಿವರೆಗೂ ಆಗುತ್ತದೆ. ಎಂಪಿ3 ಮಾಡಿದಾಗಲೂ ಅಲೆಯ ಆಕಾರ ಸ್ವಲ್ಪ ಬದಲಾಗಿ ತುದಿ ದಾಟುತ್ತದೆ. ಚುಕ್ಕಿಗಳ ನಡುವಿನ ಎತ್ತರವನ್ನೂ ಲೆಕ್ಕ ಹಾಕುವ ಟ್ರೂ ಪೀಕ್ ಮೀಟರ್ ಇದ್ದರೆ ಅದನ್ನೇ ನೋಡುವುದು ಒಳ್ಳೆಯದು.

"ಇನ್ನೂ ಜೋರು ಬೇಕು ಅಣ್ಣ." ಇದು ನಾನು ದಿನಾ ಕೇಳುವ ಮಾತು. ಜಾತ್ರೆಯಲ್ಲಿ ಮೊಬೈಲಿನಿಂದ ಹಾರ್ನಿಗೆ ಹಾಕಿದಾಗ ಪಕ್ಕದವರ ಹಾಡು ಜೋರಾಗಿ, ತಮ್ಮದು ಸಣ್ಣದಾಗಿ ಕೇಳಬಾರದು ಅನ್ನುವ ಆಸೆ. ಆ ಆಸೆ ನನಗೆ ಅರ್ಥವಾಗುತ್ತದೆ. ಊರಿನವರು ದುಡ್ಡು ಕೂಡಿಸಿ ಮಾಡಿಸಿದ ಹಾಡು ಅದು. ಆದರೆ ಯೂಟ್ಯೂಬಿಗೆ ಹಾಕಿದರೆ ಮೈನಸ್ 14 ಲಫ್ಸಿನ ಆಸುಪಾಸಿಗೆ ಅದೇ ಇಳಿಸಿಬಿಡುತ್ತದೆ. ಲಫ್ಸ್ ಅಂದರೆ ಕಿವಿಗೆ ಅನ್ನಿಸುವ ಜೋರಿನ ಅಳತೆ. ನಾವು ಒತ್ತಿ ಒತ್ತಿ ಗಳಿಸಿದ ಜೋರನ್ನು ಅದು ವಾಪಸ್ ತೆಗೆದುಕೊಳ್ಳುತ್ತದೆ. ಒತ್ತಿದ್ದರಿಂದ ಆದ ಒಡಕು ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ. ನಾನು ವಾದ ಮಾಡುವುದಿಲ್ಲ. ಒತ್ತಿದ್ದು ಒಂದು, ಜಾಗ ಬಿಟ್ಟದ್ದು ಒಂದು, ಎರಡನ್ನೂ ಕಿವಿಗೆ ಸಮ ಅನ್ನಿಸುವ ಮಟ್ಟಕ್ಕೆ ತಂದು ಕೇಳಿಸುತ್ತೇನೆ. ಯಾವುದು ಯಾವುದು ಅಂತ ಹೇಳುವುದಿಲ್ಲ. ಇದುವರೆಗೆ ಹೀಗೆ ಕೇಳಿದ ತಂಡದವರೆಲ್ಲ ಜಾಗ ಬಿಟ್ಟದ್ದನ್ನೇ ಆರಿಸಿಕೊಂಡಿದ್ದಾರೆ. ತಾಳ ಕಚಕ್ ಅನ್ನುವುದು ಅದರಲ್ಲೇ ಕೇಳುತ್ತದೆ, ಅಲ್ವಾ ಅನ್ನುತ್ತಾರೆ.

ಅರಸೀಕೆರೆ ಕಡೆಯ ಆ ಊರಿಗೆ ಮತ್ತೆ ಹೋದೆ. ಹೋಗುವ ಮುಂಚೆ ಯಜಮಾನರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ನಿಮ್ಮ ದನಿ ಮೈಕಿಗಿಂತ ದೊಡ್ಡದಾಗೋಯ್ತು, ನಾನು ಜಾಗ ಇಟ್ಟಿರಲಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆಲ್ಲುಗ್ ಹೇಳಕ್ ಬರಾಕಿಲ್ಲ ಕಣಪ್ಪ ಒಡಪ್ನ" ಅಂದರು. ಮೆಲ್ಲಗೆ ಹೇಳುವುದು ಬೇಡ, ಹೇಗೆ ಹೇಳುತ್ತೀರೋ ಹಾಗೇ ಹೇಳಿ ಅಂದೆ.

ಈ ಸಲ ಕೂತಲ್ಲಿ ಹೇಳಿಸಿ ಗೇನ್ ಇಡಲಿಲ್ಲ. ವೇಷ ಕಟ್ಟುವವರೆಗೆ ಕಾದೆ. ಸಂಬಾಳದವರಿಗೆ ಎರಡು ನಿಮಿಷ ನುಡಿಸಲು ಹೇಳಿ, ಯಜಮಾನರಿಗೆ ಒಂದು ಸುತ್ತು ಕುಣಿದು ಒಂದೇ ಒಂದು ಕೂಗು ಹಾಕಲು ಕೇಳಿಕೊಂಡೆ. ಆ ಕೂಗು ಮೈನಸ್ 14ಕ್ಕೆ ಬರುವ ಹಾಗೆ ಗೇನ್ ಇಟ್ಟೆ. ಜನ ಸೇರಿದ ಮೇಲೆ ಇನ್ನೂ ಏರುತ್ತದೆ ಅಂತ ಈಗ ಗೊತ್ತಿತ್ತು. ಮೈಕನ್ನೂ ಎರಡು ಗೇಣು ಹಿಂದಕ್ಕೆ ಸರಿಸಿದೆ. ಮಿಕ್ಕದ್ದನ್ನು ಮುಟ್ಟಲಿಲ್ಲ.

ರಾತ್ರಿ ಒಂಬತ್ತರ ಹೊತ್ತಿಗೆ ದೇವಸ್ಥಾನದ ಮುಂದೆ ಜಾಗವಿಲ್ಲದಷ್ಟು ಜನ. ಒಡಪು ದಕ್ಷನ ಯಜ್ಞಕ್ಕೆ ಬಂತು, ವೀರಭದ್ರ ಹುಟ್ಟಿದ. ನಾನು ನೆಲದ ಮೇಲೆ ಕೂತು ಮೀಟರನ್ನೇ ನೋಡುತ್ತಿದ್ದೆ. ಮೈನಸ್ 11, ಮೈನಸ್ 9. ಕೊನೆಯ "ರುದ್ರಾ"ಕ್ಕೆ ಹಸಿರು ಗೆರೆ ಮೇಲೆ ಹಾರಿ ಮೈನಸ್ 5 ಮುಟ್ಟಿ ಇಳಿಯಿತು. ಮನೆಗೆ ಬಂದು ಅದೇ ಜಾಗಕ್ಕೆ ಝೂಮ್ ಮಾಡಿದೆ. ಚುಕ್ಕಿಗಳು ಮೇಲಕ್ಕೆ ಹತ್ತಿ, ತುದಿಯಲ್ಲಿ ದುಂಡಗೆ ತಿರುಗಿ, ಕೆಳಕ್ಕೆ ಇಳಿದಿದ್ದವು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೂಗು ನಿಂತ ಮೇಲೆ ಅದು ಎದುರಿನ ಕಲ್ಲುಗೋಡೆಗೆ ಬಡಿದು ವಾಪಸ್ ಬರುತ್ತದೆ, ಅದರ ಹಿಂದೆಯೇ ಯಾರದೋ ಮಗು "ಅಮ್ಮಾ" ಅನ್ನುತ್ತದೆ, ಆಮೇಲೆ ಸಂಬಾಳ ಶುರುವಾಗುತ್ತದೆ.